ಹಾಡಿಗೊಂದು ಪುಟ್ಟ ಯಂತ್ರ

“ಮೊಬೈಲ್ ಇರೋವಾಗ ಹಾಡು ಕೇಳೋಕೆ ಇನ್ನೊಂದು ಯಾಕೆ?” ಇದು ನಮ್ಮವರ ತಕರಾರು. ಮೊಬೈಲಿನಲ್ಲಿ ಹಾಡಿನ ನಡುವೆ ಜಾಹೀರಾತು, ಇಲ್ಲವೇ ಯಾರದಾದರೂ ಫೋನು. ನನಗೆ ಬೇಕಾಗಿದ್ದು ರಾತ್ರಿ ಹೊತ್ತು, ಹಾಸಿಗೆ ಹಿಡಿದಿರುವ ಅತ್ತೆಯವರ ಪಕ್ಕ ಕೂತಾಗ, ಅವರ ನಿದ್ದೆ ಕೆಡದ ಹಾಗೆ ಕೇಳುವುದಕ್ಕೆ.

ಅಂಗಡಿಯ ಹುಡುಗ ದೊಡ್ಡ ಪರದೆಯದನ್ನು ಮುಂದಿಟ್ಟ. ನಾನು ಗುಂಡಿಗಳಿರುವ ಪುಟ್ಟ ಎಂಪಿ3 ಪ್ಲೇಯರನ್ನೇ ಆರಿಸಿದೆ. ಕತ್ತಲಲ್ಲಿ ಬೆರಳಿಗೇ ಗೊತ್ತಾಗಬೇಕು ನೋಡಿ. ಮೆಮೊರಿ ಕಾರ್ಡ್ ಹಾಕುವ ಜಾಗ, ಇಯರ್‌ಫೋನ್ ಸಿಕ್ಕಿಸುವ 3.5 ಮಿ.ಮೀ. ತೂತು, ಎರಡೂ ಇದೆಯೇ ಅಂತ ನೋಡಿಕೊಂಡೆ. ವೈರಿನ ಇಯರ್‌ಫೋನಾದರೆ ಅದಕ್ಕೆ ಬೇರೆ ಚಾರ್ಜು ಮಾಡುವ ತಾಪತ್ರಯವಿಲ್ಲ. 320 ಕೆಬಿಪಿಎಸ್‌ನ ಒಳ್ಳೆಯ ಎಂಪಿ3 ಹಾಡುಗಳೇ ಆದರೂ ಗಂಟೆಗೆ ಸುಮಾರು 144 ಎಂಬಿ ಸಾಕು. 16 ಜಿಬಿ ಕಾರ್ಡಿನಲ್ಲಿ 100 ಗಂಟೆಗೂ ಮೀರಿ ಹಿಡಿಯುತ್ತೆ. ಅದಕ್ಕಿಂತ ದೊಡ್ಡದಕ್ಕೆ ದುಡ್ಡು ಸುರಿಯುವುದೇಕೆ ಹೇಳಿ?

ಇಯರ್‌ಫೋನು ಒಂದೇ ಕಿವಿಗೆ ಹಾಕಿಕೊಳ್ತೀನಿ. ಇನ್ನೊಂದು ಕಿವಿ ಅತ್ತೆಯವರ ಕರೆಗೆ. ಸ್ಟೀರಿಯೊ ಹಾಡಾದರೆ ಒಂದು ಕಡೆಯ ವಾದ್ಯ ತಪ್ಪಿಹೋಗುತ್ತೆ. ಆದರೆ 1960ರ ದಶಕದ ಪಿ.ಬಿ. ಶ್ರೀನಿವಾಸ್, ಎಸ್. ಜಾನಕಿಯವರ ಚಿತ್ರಗೀತೆಗಳು ಸಾಮಾನ್ಯವಾಗಿ ಮಾನೊ ಧ್ವನಿಮುದ್ರಣ. ಎರಡೂ ಕಿವಿಗೆ ಬರುವುದು ಒಂದೇ ನಾದ. ಏನೂ ನಷ್ಟವಿಲ್ಲ! ಒಂದೇ ಕಿವಿ ಅಂತ ಶಬ್ದ ಮಾತ್ರ ಏರಿಸಬೇಡಿ.

ಮೊನ್ನೆ ನಡುರಾತ್ರಿ ಅತ್ತೆಯವರು ಕಣ್ಣು ಬಿಟ್ಟು, “ಅದೇನೇ ಕೇಳ್ತಿದ್ದೀ? ನಂಗೂ ಕೊಡೇ” ಅಂದರು. ಇನ್ನೊಂದು ಕಡೆಯದನ್ನು ಅವರ ಕಿವಿಗಿಟ್ಟೆ. ವೈರು ಸ್ವಲ್ಪ ಗಿಡ್ಡ, ಮಂಚಕ್ಕೆ ಒರಗಿಯೇ ಕೂರಬೇಕಾಯಿತು.