ಜೇಬಿನಲ್ಲಿದ್ದ ಚೀಟಿ

ತಬೂಕಿಗೆ ಬಂದಂದಿನಿಂದಲೂ ಬಟ್ಟೆ ಒಗೆಯುವ ಮುನ್ನ ಜೇಬು ತಡಕುವುದು ನನ್ನ ರೂಢಿ. ಒಮ್ಮೆ ಯಜಮಾನರ ಅಂಗಿಯಲ್ಲಿ ಪುಟ್ಟ ಚೀಟಿಯೊಂದು ದೊರೆಯಿತು: ಮಗಳ ಹೆಸರು, ಅದರ ಮುಂದೆ 7. ಕಚೇರಿಯ ಕಂಪ್ಯೂಟರಿನ ಪಾಸ್‌ವರ್ಡಂತೆ! ತಿಂಗಳಿಗೊಮ್ಮೆ ಬದಲಿಸಬೇಕೆಂಬುದು ನಿಯಮ. ಇವರು ಅಂಕಿಯನ್ನಷ್ಟೇ ಏರಿಸುತ್ತಿದ್ದರು. "ಎಲ್ಲರೂ ಮಾಡುವುದು ಇದನ್ನೇ" ಎಂದು ನಕ್ಕರು. ಸಮ್ಮೇಳನಕ್ಕೆ ಬಂದಿರುವ ಬಂಧುಗಳಲ್ಲಿ ಎಷ್ಟು ಜನರ ಜೇಬಿನಲ್ಲಿ ಇಂಥ ಚೀಟಿಯಿದೆಯೋ!

ನಿಯಮವೇನೂ ನಿಷ್ಕಾರಣವಾದುದಲ್ಲ. 2012ರ ಆಗಸ್ಟ್ 15ರಂದು 'ಶಮೂನ್' ಎಂಬ ವೈರಸ್ ಸೌದಿ ಅರಾಮ್ಕೊದ ಸುಮಾರು 30,000 ಕಂಪ್ಯೂಟರುಗಳನ್ನು ನಿರುಪಯುಕ್ತಗೊಳಿಸಿದಾಗ ಇವರ ಕಚೇರಿಯೂ ಬೆಚ್ಚಿಬಿದ್ದಿತ್ತು. ಆದರೆ ಬೆಚ್ಚಿದವರು ಮೇಲಧಿಕಾರಿಗಳು. ಮೇಜಿನ ಮುಂದೆ ಕುಳಿತವರಿಗೆ ಅಂದಿನ ಕೆಲಸ ಮುಗಿಯಬೇಕಿತ್ತು.

ಮರುವರ್ಷ ನಾವು ರಜೆಯಲ್ಲಿ ಊರಿಗೆ ಹೊರಟಾಗ, ಕೂಲಿಕಾರರ ಸಂಬಳ ತಡವಾಗದಿರಲೆಂದು ಇವರು ಪಾಸ್‌ವರ್ಡನ್ನು ಕಿರಿಯ ಸಹೋದ್ಯೋಗಿಗೆ ಕೊಟ್ಟರು. ಆತನ ಕೈತಪ್ಪಿನಿಂದ ಒಂದು ಪಟ್ಟಿಯ ಹಣ ಎರಡು ಬಾರಿ ಸಂದಾಯವಾಯಿತು. ದಾಖಲಾದದ್ದು ಇವರ ಹೆಸರು. ವಿಚಾರಣೆ ನಡೆದ ಮೂರು ವಾರವೂ ನಾನು ಊರಿನಿಂದ ತಂದ ಸೂಟ್‌ಕೇಸುಗಳನ್ನು ಬಿಚ್ಚಲಿಲ್ಲ. ಮಗಳ ಕಾಲೇಜು ಇನ್ನೂ ಎರಡು ವರ್ಷ ಬಾಕಿಯಿತ್ತು. ಕೊನೆಗೆ ಆ ಹುಡುಗ ತಾನೇ ಹೋಗಿ ಒಪ್ಪಿಕೊಂಡ. ಕೆಲಸ ಉಳಿಯಿತು, ಇಬ್ಬರಿಗೂ ಆ ವರ್ಷದ ವೇತನಬಡ್ತಿ ತಪ್ಪಿತು.

ಅದನ್ನು ಅಲಕ್ಷ್ಯವೆಂದು ನಾನು ಕರೆಯಲಾರೆ. ಉಪಕಾರಕ್ಕೆ ಕೊಟ್ಟದ್ದು. ಆದರೂ ಕೊಡಬಾರದಿತ್ತೆಂದು ಇವರಿಗೇ ಹೇಳಿದ್ದೇನೆ.

2017ರಲ್ಲಿ ಅಮೆರಿಕದ ಮಾನದಂಡ ಸಂಸ್ಥೆಯೇ, ಕಾರಣವಿಲ್ಲದೆ ಕಾಲಕಾಲಕ್ಕೆ ಪಾಸ್‌ವರ್ಡ್ ಬದಲಿಸುವಂತೆ ಒತ್ತಾಯಿಸಬಾರದೆಂದು ಸಲಹೆಯಿತ್ತಿತು. ಪತ್ರಿಕೆಯಲ್ಲಿ ಓದಿ ಹೇಳಿದೆ. ಈ ಸಲ ಇವರು ನಗಲಿಲ್ಲ. ಮಗಳ ಹೆಸರಿನ ಮುಂದಿನ ಅಂಕಿ ಅಷ್ಟರಲ್ಲಿ 58ಕ್ಕೆ ಏರಿತ್ತು.