ಚಿರತೆಗೂ ಟ್ರಾನ್ಸ್‌ಫರ್ ಆರ್ಡರ್

ಅಮೆರಿಕದಲ್ಲಿರುವ ಮಗಳು ಮೊನ್ನೆ ಅಲಾಸ್ಕಾಕ್ಕೆ ಹೋಗಿ ಬಂದು ರಾಶಿ ಫೋಟೋ ಕಳಿಸಿದಳು. ಡೆನಾಲಿ ರಾಷ್ಟ್ರೀಯ ಉದ್ಯಾನವಂತೆ. ಮೈತುಂಬ ಹಿಮ ಹೊದ್ದ ಪರ್ವತಗಳು, ಚಳಿಗೆ ಬೆಳೆಯಲಾರದೆ ಕುಳ್ಳಗಾದ ಸ್ಪ್ರೂಸ್ ಮರಗಳು, ದೂರದಲ್ಲಿ ಚುಕ್ಕೆಯಷ್ಟು ಕಾಣುವ ಕರಡಿ. ವಿಸ್ತೀರ್ಣ ಸುಮಾರು 24,500 ಚದರ ಕಿಲೋಮೀಟರ್! ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಆರು ಕೊಡಗು ಜಿಲ್ಲೆಗಳಷ್ಟು. ಒಳಗೆ ಒಂದೇ ಒಂದು ರಸ್ತೆ. ಬೇಸಿಗೆಯಲ್ಲಿ ಮೊದಲ 24 ಕಿ.ಮೀ. ದಾಟಿದ ಮೇಲೆ ಸ್ವಂತ ಕಾರು ಬಿಡುವುದಿಲ್ಲ, ಬಸ್ಸೇ ಗತಿ. ಕರಡಿ ಕಂಡರೆ 300 ಗಜ ದೂರ ಇರಬೇಕು ಅಂತ ಕಟ್ಟುನಿಟ್ಟು.

"ಅಪ್ಪಾ, ನಿಮ್ಮ ಮನೆ ಹಿಂದೆಯೇ ಒಂದು ನ್ಯಾಷನಲ್ ಪಾರ್ಕ್ ಇದೆಯಲ್ಲ, ಯಾವತ್ತಾದರೂ ಒಳಗೆ ಹೋಗಿದ್ದೀಯಾ?" ಅಂತ ಕೊನೆಗೊಂದು ಪ್ರಶ್ನೆ.

ಉತ್ತರ ಕೊಡಲು ಎರಡು ದಿನ ಬೇಕಾಯಿತು. ಕಾರಣ ಇದೆ, ಹೇಳುತ್ತೇನೆ ಕೇಳಿ.

ಕಾರ್ಕಳದ ಕಡೆಯಿಂದ ಬಿ.ಕಾಂ. ಮುಗಿಸಿ ಬ್ಯಾಂಕ್ ನೌಕರಿ ಅಂತ ಬಂದವನು ನಾನು. ಮೊದಲು ಡೊಂಬಿವಲಿಯ ಒಂದು ಕೋಣೆ, ಆಮೇಲೆ ಥಾಣೆಯಲ್ಲಿ ಉಪವನ ಕೆರೆಯ ಆಚೆ, ಯೇವೂರ್ ಗುಡ್ಡ ಕಾಣುವ ಫ್ಲ್ಯಾಟು. ಆ ಗುಡ್ಡ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಥಾಣೆ ಅಂಚು. ಒಟ್ಟು ಹತ್ತಿರ ಹತ್ತಿರ 104 ಚದರ ಕಿ.ಮೀ., ಡೆನಾಲಿಯ ಒಂದು ಮೂಲೆಗೂ ಸಾಲದು. ಆದರೆ ಇದರೊಳಗೆ ಎರಡು ಸಾವಿರ ವರ್ಷ ಹಿಂದಿನ ಕಾನ್ಹೇರಿ ಗುಹೆಗಳಿವೆ, ಮುಂಬಯಿಗೆ ನೀರು ಕೊಡುವ ತುಳಸಿ, ವಿಹಾರ್ ಕೆರೆಗಳಿವೆ. ಮತ್ತೆ ಚಿರತೆಗಳಿವೆ. 2015ರಲ್ಲಿ ಕ್ಯಾಮೆರಾ ಕಟ್ಟಿ ಎಣಿಸಿದಾಗ 35 ಸಿಕ್ಕಿದವು. ಅಲ್ಲಿ 300 ಗಜದ ನಿಯಮ. ಇಲ್ಲಿ ನಮಗೂ ಕಾಡಿಗೂ ನಡುವೆ ಒಂದು ಕಾಂಪೌಂಡ್ ಗೋಡೆ ಅಷ್ಟೇ.

ಕೆಲವು ವರ್ಷಗಳ ಹಿಂದೆ ಒಂದು ರಾತ್ರಿ ನಮ್ಮ ಸೊಸೈಟಿಯ ಸಿಸಿಟಿವಿಯಲ್ಲಿ ಚಿರತೆ ಕಂಡಿತು. ಗೋಡೆಯ ಮೇಲೆ ಬೆಕ್ಕಿನಂತೆ ನಡೆದು ಹೋಯಿತು, ಯಾರ ತಂಟೆಗೂ ಬರಲಿಲ್ಲ. ಆದರೆ ಮರುದಿನವೇ ತುರ್ತು ಸಭೆ. "ಬೋನು ಇಡಿಸಿ, ಹಿಡಿಸಿ, ಎಲ್ಲಾದರೂ ದೂರ ಬಿಟ್ಟು ಬರಲಿ" ಅಂತ ಒಕ್ಕೊರಲು. ಅರ್ಜಿ ಬರೆಯುವವರು ಯಾರು? ಬ್ಯಾಂಕಿನವರು ಇದ್ದಾರಲ್ಲ! ನಾನೇ ಬರೆದೆ. ಒಳ್ಳೆ ಆಫೀಸ್ ಭಾಷೆಯಲ್ಲಿ, ಮೂರು ಪ್ಯಾರಾ, ಮೊದಲ ಸಹಿಯೂ ನನ್ನದೇ.

ಅರ್ಜಿ ಟೈಪ್ ಮಾಡಿಸಿ ಕಳಿಸುವ ಮೊದಲು ವಿಷಯ ಸ್ವಲ್ಪ ಓದಿಕೊಳ್ಳೋಣ ಅಂತ ಕೂತೆ. ಕೂತದ್ದೇ ತಪ್ಪಾಯಿತು ನೋಡಿ. ನಮ್ಮ ಕಲ್ಯಾಣದಿಂದ ಮಾಳಶೇಜ್ ಘಾಟ್ ಹತ್ತಿದರೆ ಸಿಗುವ ಜುನ್ನರ್‌ನಲ್ಲಿ ಇದೇ ಪ್ರಯೋಗ ನಡೆದಿತ್ತು. 2001ರಿಂದ ಕಬ್ಬಿನ ಗದ್ದೆಗಳ ಚಿರತೆ ಹಿಡಿದು ಹಿಡಿದು ಬೇರೆ ಕಾಡುಗಳಿಗೆ ಸಾಗಿಸಿದರು. ವಿದ್ಯಾ ಅತ್ರೇಯ ಮತ್ತು ಸಂಗಡಿಗರು ಇದನ್ನು ಅಧ್ಯಯನ ಮಾಡಿ 2011ರಲ್ಲಿ ಪ್ರಕಟಿಸಿದರು. ಮೊದಲು ವರ್ಷಕ್ಕೆ ಸರಾಸರಿ 4 ಇದ್ದ ದಾಳಿಗಳು, ಸಾಗಾಟ ಶುರುವಾದ ಮೇಲೆ 17ಕ್ಕೆ ಏರಿದ್ದವು! ನಮ್ಮ ಈ ಉದ್ಯಾನಕ್ಕೂ ಹಾಗೆ ಹೊರಗಿನ ಚಿರತೆ ತಂದು ಬಿಟ್ಟದ್ದುಂಟು. 2004ರಲ್ಲಿ ಉದ್ಯಾನದ ಸುತ್ತ ಹಲವು ಜನ ಸತ್ತರು. ಆ ಭಯ ಇಲ್ಲಿ ಹಳಬರಿಗೆ ಇನ್ನೂ ನೆನಪಿದೆ.

ಚಿರತೆಗೆ ತನ್ನ ಜಾಗದ ಪ್ರತಿ ದಾರಿ, ನೀರು, ಅಡಗುತಾಣ ಗೊತ್ತಿರುತ್ತದೆ. ಎಲ್ಲಿ ಯಾವಾಗ ಮನುಷ್ಯ ಓಡಾಡುತ್ತಾನೆ, ಹೇಗೆ ಕಣ್ಣು ತಪ್ಪಿಸಬೇಕು ಅಂತಲೂ ಗೊತ್ತು. ಪರ ಊರಿನಲ್ಲಿ ಬಿಟ್ಟರೆ ಇದೊಂದೂ ಗೊತ್ತಿಲ್ಲ. ಅಲ್ಲಿ ಮೊದಲೇ ಇರುವ ಚಿರತೆ ಸೇರಿಸುವುದಿಲ್ಲ, ಇದು ತನ್ನ ಊರಿನ ದಾರಿ ಹುಡುಕುತ್ತ ಜನರ ನಡುವೆ ಸಿಕ್ಕಿಬೀಳುತ್ತದೆ. ಇತ್ತ ಖಾಲಿಯಾದ ಜಾಗಕ್ಕೆ ಇನ್ನೊಂದು ಬಂದೇ ಬರುತ್ತದೆ.

ಇದನ್ನು ಓದುವಾಗ ನನಗೆ ನನ್ನದೇ ನೆನಪಾಯಿತು, ನಗಬೇಡಿ. ಒಮ್ಮೆ ನನ್ನನ್ನು ವಿದರ್ಭದ ಒಂದು ಶಾಖೆಗೆ ಹಾಕಿದ್ದರು. ಎರಡು ವರ್ಷ ಒಬ್ಬಂಟಿ. ನಿದ್ದೆ ಇಲ್ಲ, ಊಟ ಸೇರದು. ಜೀವಮಾನದಲ್ಲಿ ಗ್ರಾಹಕರ ಮೇಲೆ ರೇಗದ ನಾನು ಪಿಂಚಣಿಗೆ ಬಂದ ಒಬ್ಬ ಮುದುಕರ ಮೇಲೆ ಕೂಗಾಡಿದ್ದೆ. ಅವರ ಮುಖ ಈಗಲೂ ಕಣ್ಣ ಮುಂದೆ ಬರುತ್ತದೆ. ಕ್ಷಮೆ ಕೇಳಲಿಲ್ಲ, ಆ ಕೊರಗು ಹಾಗೇ ಇದೆ. ನನಗಾದರೆ ವಾಪಸ್ ಆರ್ಡರ್ ಬಂತು. ಅದಕ್ಕೆ?

ಅರ್ಜಿ ಕಳಿಸಲಿಲ್ಲ. ಮುಂದಿನ ಸಭೆಯಲ್ಲಿ ಎದ್ದು ನಿಂತು ಹೇಳಿದೆ. "ನಿಮ್ಮ ಮಗಳು ಅಮೆರಿಕದಲ್ಲಿ ಸುರಕ್ಷಿತ, ನಮ್ಮ ಮಕ್ಕಳು ಇಲ್ಲೇ ಆಡುವವರು" ಅಂದರು ಒಬ್ಬರು. ಬಾಯಿ ಕಟ್ಟಿತು. ಅವರದೂ ಸುಳ್ಳಲ್ಲ. 2022ರ ಅಕ್ಟೋಬರಿನಲ್ಲಿ ಪಕ್ಕದ ಆರೆಯಲ್ಲಿ ಒಂದು ಪುಟ್ಟ ಮಗು ಚಿರತೆಗೆ ಬಲಿಯಾದಾಗ ನನಗೂ ರಾತ್ರಿ ನಿದ್ದೆ ಬಂದಿರಲಿಲ್ಲ. ಕೊನೆಗೆ ಆದದ್ದು ಇಷ್ಟು: ಗೋಡೆ ಪಕ್ಕದ ಕಸದ ರಾಶಿ ತೆಗೆಸಿದೆವು. ಕಸಕ್ಕೆ ಬೀದಿ ನಾಯಿ, ನಾಯಿಗೆ ಚಿರತೆ, ಇದು ಸರಳ ಲೆಕ್ಕ. ದೀಪ ಹಾಕಿಸಿದೆವು, ಕತ್ತಲಾದ ಮೇಲೆ ಮಕ್ಕಳನ್ನು ಒಬ್ಬರೇ ಬಿಡುವುದಿಲ್ಲ.

ಮಗಳ ಪ್ರಶ್ನೆಗೆ ಉತ್ತರವಾಗಿ ಕಳೆದ ಭಾನುವಾರ ನಾನೂ ನಮ್ಮಾಕೆಯೂ ಬೆಳಿಗ್ಗೆ ಯೇವೂರ್ ಹತ್ತಿದೆವು. ಇಷ್ಟು ವರ್ಷದಲ್ಲಿ ಮೊದಲ ಸಲ! ಚಹಾದ ಗೂಡಂಗಡಿಯಲ್ಲಿ ವಯಸ್ಸಾದ ವಾರ್ಲಿ ಹೆಂಗಸೊಬ್ಬರನ್ನು ಹೆದರಿಕೆ ಇಲ್ಲವೇ ಅಂತ ಕೇಳಿದೆ. ಅವರು ವಾಘೋಬಾನ ಹೆಸರು ಹೇಳಿ ಕೈ ಮುಗಿದರು. ಈ ಕಾಡಿನ ವಾರ್ಲಿ ಜನ ಪೂಜಿಸುವ ಹುಲಿ ದೇವರು ಅದು. ನಮ್ಮಾಕೆ ತಟ್ಟನೆ, "ನಮ್ಮ ಪಿಲಿಚಾಮುಂಡಿಯೇ ಅಲ್ವಾ ಇದು?" ಅಂದಳು. ತುಳುನಾಡಿನಲ್ಲಿ ಹುಲಿಯ ದೈವಕ್ಕೆ ಕೋಲ ಕಟ್ಟುವುದನ್ನು ನೋಡುತ್ತ ಬೆಳೆದವನು ನಾನು. ಅದು ಮರೆತು ಹೋಗಿ ಬೋನಿನ ಅರ್ಜಿ ಬರೆದಿದ್ದೆನಲ್ಲ!

ಚಿರತೆ ಕಾಣಲಿಲ್ಲ. ಅದಕ್ಕೆ ನಾವು ಕಂಡಿರಬಹುದು. ಮಗಳಿಗೆ ಫೋಟೋ ಕಳಿಸಿದೆ: ಮುಂದೆ ಕಾಡು, ಹಿಂದೆ ನಮ್ಮ ಬಿಲ್ಡಿಂಗು. ಹಿಮ ಇಲ್ಲ ಅಷ್ಟೇ.

ಆ ಅರ್ಜಿ ಈಗಲೂ ನನ್ನ ಡ್ರಾಯರಿನಲ್ಲಿದೆ, ಸಹಿ ಸಮೇತ. ಹರಿಯಲು ಮನಸ್ಸಾಗುವುದಿಲ್ಲ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?