ಕಲ್ಲಿನ ನಾಡಿನಲ್ಲಿ ನೀರಿನ ಗೆರೆ

ವಾಡಿಯ ನಿಲ್ದಾಣದಲ್ಲಿ ಇಳಿದು ರಾವೂರಿನ ಕಡೆ ಹೊರಟವರಿಗೆ ಮೊದಲು ಕಾಣುವುದು ಕಲ್ಲು. ಗೋಡೆ ಕಲ್ಲಿನದು, ನೆಲ ಕಲ್ಲಿನದು, ಹೊಲದ ಬದುವೂ ಕಲ್ಲಿನದೇ. ವಾಚಕರಲ್ಲಿ ಅನೇಕರು ಮನೆಯೊಳಗೆ ದಿನವೂ ತುಳಿಯುವ ಶಹಾಬಾದದ ಫರಸಿ ಈ ಸೀಮೆಯದು. ಪುಸ್ತಕದ ಹಾಳೆಗಳಂತೆ ಪದರ ಪದರವಾಗಿರುವ ಆ ಸುಣ್ಣಗಲ್ಲನ್ನು ಕೆಲಸಗಾರರು ಉಳಿಯಿಂದಲೂ ಹಾರೆಯಿಂದಲೂ ಬಿಡಿಸುವುದನ್ನು ನೋಡುತ್ತ ನಾವು ಬಹಳ ಹೊತ್ತು ನಿಂತೆವು. ಕಲ್ಲು ತೆಗೆದು ಬಿಟ್ಟ ಹಳೆಯ ಕುಣಿಗಳಲ್ಲಿ ಮಳೆಯ ನೀರು ಹಸುರಾಗಿ ನಿಂತಿತ್ತು.

ಇದೇ ಕಲ್ಲನ್ನು ಸುಟ್ಟರೆ ಸುಡುಸುಣ್ಣವಾಗುತ್ತದೆ. ಅದಕ್ಕೆ ನೀರು ತಗಲಿದರೆ ಕುದಿಯುತ್ತದೆ; ಮನೆಗೆ ಸುಣ್ಣ ಬಳಿಸಿದ ಹಿರಿಯರೆಲ್ಲರೂ ಬಲ್ಲ ಸಂಗತಿ. ನೀರು ಬೆಂಕಿಯನ್ನು ಆರಿಸುತ್ತದೆಂಬ ನಮ್ಮ ನಂಬಿಕೆ ಎಲ್ಲ ಪದಾರ್ಥಗಳಿಗೂ ಸಲ್ಲದು. ಬೆಸುಗೆಯ ಅಂಗಡಿಯ ಕಾರ್ಬೈಡಿಗೆ ನೀರು ಹೊಕ್ಕರೆ ಹೊತ್ತಿಕೊಳ್ಳುವ ಅನಿಲವೇ ಹೊರಡುತ್ತದೆ. 2017ರ ಆಗಸ್ಟಿನಲ್ಲಿ ಅಮೆರಿಕದ ಟೆಕ್ಸಾಸಿನ ಕ್ರಾಸ್‌ಬಿಯಲ್ಲಿ ಮಹಾಪೂರ ಬಂದು ರಾಸಾಯನಿಕ ಕಾರ್ಖಾನೆಯೊಂದರ ವಿದ್ಯುತ್ತು ನಿಂತುಹೋಯಿತು. ತಂಪಿನಲ್ಲಿಡಲೇಬೇಕಾದ ಪದಾರ್ಥಗಳು ಬಿಸಿಯೇರಿ ತಾವಾಗಿ ಉರಿದುವು. ಸುತ್ತಲಿನ ಒಂದೂವರೆ ಮೈಲಿಯೊಳಗಿನ ಇನ್ನೂರಕ್ಕೂ ಹೆಚ್ಚು ಜನ ಮನೆ ಬಿಡಬೇಕಾಯಿತು.

ಅಷ್ಟು ದೂರ ಹೋಗುವ ಕಾರಣವೇನೆಂದರೆ, ನಮ್ಮ ಕಾಗಿಣೆಯೂ ಸಾಧುವಾದ ನದಿಯಲ್ಲ. ಚಿತ್ತಾಪುರದಿಂದ ಕಲಬುರಗಿಯ ಹಾದಿಯಲ್ಲಿ ದಂಡೋತಿಯ ಸೇತುವೆ, ಸೇಡಮಿನ ಕಡೆ ಮಳಖೇಡದ ಸೇತುವೆ, ಎರಡೂ ಅದರ ಪೂರದಲ್ಲಿ ಮುಳುಗಿದ್ದುಂಟು. 2020ರ ಅಕ್ಟೋಬರಿನಲ್ಲಿ ಭೀಮೆ, ಕಾಗಿಣೆ ಎರಡೂ ಉಕ್ಕಿದಾಗ ಈ ಜಿಲ್ಲೆ ಪಟ್ಟ ಪಾಡು ಇನ್ನೂ ಹಸಿಯಾಗಿದೆ.

ಕಾಗಿಣೆಯ ದಡದ ಒಂದು ಹಳ್ಳಿಯಲ್ಲಿ ಚಹಾ ಕುಡಿದು, ಪಕ್ಕದ ಔಷಧದಂಗಡಿಯ ಕಟ್ಟೆಯ ಮೇಲೆ ಕುಳಿತೆವು. ಔಷಧವೆಂದರೆ ಬೆಳೆಗೆ ಹೊಡೆಯುವ ಕೀಟನಾಶಕ. ತೊಗರಿ ಹೂಬಿಡುವುದು ಅಕ್ಟೋಬರ್, ನವೆಂಬರಿನಲ್ಲಿ. ಕಾಯಿಕೊರಕ ಹುಳುವಿನ ಭಯದಿಂದ ಅಂಗಡಿ ತುಂಬುವುದೂ ಆಗಲೇ. ಹೊಳೆ ಕಡೆಯ ಬಾರಿ ಕೆರಳುವುದೂ ಆ ದಿನಗಳಲ್ಲಿಯೇ!

ಗೋಡೆಯಲ್ಲಿ ಸೊಂಟದ ಎತ್ತರಕ್ಕೆ ಮಾಸಲು ಗೆರೆಯೊಂದು ಕಂಡಿತು. ಕೇಳಿದೆವು.

“ಅದಾ ಪೂರದ ಗುರ್ತು ಅದರೀ. ಎರಡು ಸಲ ಸುಣ್ಣ ಹೊಡಸೀನಿ, ಹೋಗವಲ್ದು,” ಎಂದರು ಅಂಗಡಿಯವರು.

ಡಬ್ಬಿಗಳೆಲ್ಲವೂ ಆ ಗೆರೆಯ ಕೆಳಗೇ ಇದ್ದುವು.

“ಹೊಳಿ ರಾತ್ರಿ ಬಂದ್ರೆ?”

“ಕೀಲಿ ನನ್ನ ಹತ್ರ, ನಾ ಇರೋದು ಚಿತ್ತಾಪುರದಾಗ. ಏನ್ ಮಾಡ್ಲಿರೀ ಅಣ್ಣಾರ?”

ಕಾಯಿದೆ ಇಲ್ಲವೆಂದಲ್ಲ. ಕೀಟನಾಶಕವನ್ನು ಬೇರೆ ಸಾಮಾನುಗಳಿಂದ ದೂರವಾಗಿ, ಒಣಗಿದ, ಗಾಳಿಬೆಳಕುಳ್ಳ ಕೋಣೆಯಲ್ಲಿಡಬೇಕೆಂದು 1971ರ ನಿಯಮಗಳು ಹೇಳುತ್ತವೆ. ಭೋಪಾಲದ 1984ರ ದುರಂತದ ತರುವಾಯ, 1989ರಲ್ಲಿ, ಅಪಾಯಕರ ರಾಸಾಯನಿಕಗಳ ದೊಡ್ಡ ಸಂಗ್ರಹಗಳಿಗೆ ಪ್ರತ್ಯೇಕ ನಿಯಮಗಳಾದುವು. ಹಳ್ಳಿಯ ಅಂಗಡಿ ಆ ದೊಡ್ಡ ಲೆಕ್ಕಕ್ಕೆ ಬರುವುದಿಲ್ಲ. ಆದರೆ ಬೇಸಗೆಯಲ್ಲಿ ಬಂದು ನೋಡಿದವರಿಗೆ ಯಾವ ಕೋಣೆಯೂ ಒಣಗಿಯೇ ಕಾಣುತ್ತದೆ. ಪರವಾನಗಿ ಕೊಡುವ ಮುನ್ನ ನೀರು ಎಲ್ಲಿಯವರೆಗೆ ಏರಿತ್ತೆಂದು ಊರವರನ್ನು ಕೇಳಿ, ಗೋಡೆಯಲ್ಲಿ ಗೆರೆ ಎಳೆಯಿಸಿ, ಅದರ ಮೇಲೆಯೇ ಸಾಮಾನು ಇಡತಕ್ಕದ್ದೆಂದು ಬರೆದುಕೊಟ್ಟರೆ ಎಷ್ಟು ಖರ್ಚು? ಇನ್ನೊಂದು ಕೀಲಿಯೂ ದಾಸ್ತಾನಿನ ಪಟ್ಟಿಯೂ ಊರಿನಲ್ಲಿಯೇ ಒಬ್ಬರ ಬಳಿ ಇರಬೇಕು. ಹಲಗೆ ಏರಿಸಿದರಷ್ಟೇ ಸಾಲದು. ಮುಚ್ಚಿದ ಡಬ್ಬಿಗಳು ತೇಲುತ್ತವೆ, ಚೀಟಿ ನೆನೆದು ಕಳಚುತ್ತದೆ. ಹೆಸರಿಲ್ಲದ ಡಬ್ಬಿ ಕೆಳದಂಡೆಯ ಹಳ್ಳಿಯಲ್ಲಿ ಹುಡುಗರ ಕೈಗೆ ಸಿಕ್ಕರೆ ಅದನ್ನು ತೊಳೆದು ನೀರು ತುಂಬಿಕೊಳ್ಳದೆ ಬಿಟ್ಟಾರೆಯೇ? ಹೊಳೆಯ ಅಂಚಿನ ಅಂಗಡಿ ದಿಬ್ಬಕ್ಕೆ ಹೋಗುವುದೇ ಮೇಲು. ಬಾಡಿಗೆಯ ಮಾತು ಬಂದಾಗ ಅವರು ತಲೆಯಲ್ಲಾಡಿಸಿದರು.

ಬಸ್ಸು ಬರಲು ಹೊತ್ತಿತ್ತು. ಅವರೊಡನೆ ಸೇರಿ ಎರಡು ಪೆಟ್ಟಿಗೆಗಳನ್ನು ಮೇಲಿನ ಹಲಗೆಗೆ ಏರಿಸಿದೆವು. ಉಳಿದವನ್ನು ಸಂಜೆ ಹುಡುಗ ಬಂದ ಮೇಲೆ ಏರಿಸುವುದಾಗಿ ಹೇಳಿದರು.